ಕಂಡಕ್ಟರ ಜೇಬಿನಲ್ಲಿ ಓಡಿದ ಹಾಡು

ಇದು ನಡೆದದ್ದು ನಿಜ. ಎಳ್ಳಷ್ಟು ಸುಳ್ಳು ಸೇರಿದ್ದರೂ ನಾಳೆ ಬೆಳಗ್ಗೆ ಹಲ್ಲುಜ್ಜುವಾಗ ನನ್ನ ಹಲ್ಲೆಲ್ಲ ಬ್ರಷ್ಷಿಗೆ ಅಂಟಿಕೊಂಡು ಈಚೆಗೆ ಬರಲಿ. ಉಳಿದಿರುವುದೇ ಹತ್ತೊಂಬತ್ತು, ಅದಕ್ಕೇ ನೋಡಿಕೊಂಡು ಮಾತಾಡುತ್ತೇನೆ. ಆವತ್ತು ಆ ಮೈದಾನದಲ್ಲಿ ಇನ್ನೂರು ಜನ ಇದ್ದರು. ಕಣ್ಣಾರೆ ನೋಡಿದ ಅವರಲ್ಲೇ ಅರ್ಧ ಜನ ಇವತ್ತಿಗೂ ನಂಬಿಲ್ಲ. ಬರೀ ಕೇಳಿದ ನೀವು ನಂಬಿದರೆ ಅದು ನಿಮ್ಮ ದೊಡ್ಡತನ.

ಸೂಜಕ್ಕ ಅಂತ ಒಬ್ಬ ಟೈಲರು. ಹೆತ್ತವರಿಟ್ಟ ಹೆಸರು ಅವಳಿಗೇ ನೆನಪಿದೆಯೋ ಇಲ್ಲವೋ, ಬೀದಿಗೆಲ್ಲ ಸೂಜಕ್ಕ. ಮನೆಯ ಮುಂದಿನ ಕೋಣೆ, ಮೆಟ್ಟಿಲ ಕೆಳಗಿನ ಸಂದಿ, ಅಲ್ಲಿ ಗೋಡೆಗೆ ಮುಖ ಮಾಡಿ ಅವಳ ಕಾಲಲ್ಲಿ ತುಳಿಯುವ ಮಿಷನ್ನು. ಇಪ್ಪತ್ತಮೂರು ವರ್ಷ ಅದೇ ಗೋಡೆ ನೋಡಿಕೊಂಡು ಹೊಲಿದಿದ್ದಾಳೆ. ಆ ಗೋಡೆಯ ಬಿರುಕುಗಳು ಅವಳಿಗೆ ತನ್ನ ಅಂಗೈ ಗೆರೆಗಿಂತ ಚೆನ್ನಾಗಿ ಗೊತ್ತು.

ಹೊಲಿಯುತ್ತಿರುವಾಗ ಯಾರಾದರೂ ಕರೆದರೆ ಅವಳು ಮಾಡುವುದು ಎರಡು ಕೆಲಸ. ಬಾಯಲ್ಲಿ "ಬಂದೆ" ಅನ್ನುವುದು, ಎರಡೂ ಪಾದ ಪೆಡಲ್ ಮೇಲಿಂದ ತೆಗೆದು ನೆಲಕ್ಕಿಡುವುದು. ಮಿಷನ್ನು ನಿಲ್ಲುತ್ತದೆ, ಅವಳು ಏಳುತ್ತಾಳೆ. ಗಿರಾಕಿ ಕರೆದರೂ ಅಷ್ಟೆ, ಅತ್ತೆ ಕರೆದರೂ ಅಷ್ಟೆ, ತರಕಾರಿಯವನು ಪಕ್ಕದ ಮನೆಯವರನ್ನು ಕರೆದರೂ ಅಷ್ಟೆ. ದಿನಕ್ಕೆ ಐವತ್ತು ಸಲ ಅಂತಿಟ್ಟುಕೊಂಡರೂ ಇಪ್ಪತ್ತಮೂರು ವರ್ಷಕ್ಕೆ ಎಷ್ಟಾಯಿತು, ನೀವೇ ಲೆಕ್ಕ ಹಾಕಿ. ನನಗೆ ಅಷ್ಟು ದೂರ ಎಣಿಸಲು ಬರುವುದಿಲ್ಲ.

ಈ ಅಭ್ಯಾಸ ಮಿಷನ್ನಿನ ಮುಂದೆ ಯಾರಿಗೂ ತೊಂದರೆ ಕೊಡಲಿಲ್ಲ. ಮೋಟಾರ್ ಸೈಕಲ್ ಮೇಲೆ ಕೊಟ್ಟಿತು.

ಆಗಿದ್ದು ಏನೆಂದರೆ, ದೊಡ್ಡಾಸ್ಪತ್ರೆಯಲ್ಲಿ ಟೈಲರ ಕೆಲಸ ಒಂದು ಖಾಲಿಯಾಯಿತು. ಹರಿದ ಬೆಡ್‌ಶೀಟು, ಬಿಚ್ಚಿಹೋದ ಆಪರೇಷನ್ ಗೌನು, ಗುಂಡಿ ಕಳಕೊಂಡ ರೋಗಿಗಳ ಅಂಗಿ, ಎಲ್ಲ ಸರಿಮಾಡುವ ಕೆಲಸ. ಹೊಲಿಗೆ ಕೋಣೆಗೆ ಎತ್ತರದ ಕಿಟಕಿ, ಕಿಟಕಿಯಾಚೆ ಮರ. ಆ ಕಿಟಕಿ ನೋಡಿದ ಕ್ಷಣವೇ ಸೂಜಕ್ಕನ ಮನಸ್ಸು ಅಲ್ಲಿ ಕೂತುಬಿಟ್ಟಿತು. ಆದರೆ ಆಸ್ಪತ್ರೆಗೆ ಮೂರು ಕಟ್ಟಡ, ಒಂದೊಂದು ಊರಿನ ಒಂದೊಂದು ಮೂಲೆಯಲ್ಲಿ. ಹಿಂದೆ ಡಬ್ಬಿ ಕಟ್ಟಿದ ಆಸ್ಪತ್ರೆಯ ಮೋಟಾರ್ ಸೈಕಲ್ ಓಡಿಸಿಕೊಂಡು ಟೈಲರೇ ಮೂರೂ ಕಡೆ ಹೋಗಬೇಕು.

ಬಟ್ಟೆ ಕೋಣೆಯ ಮೇಲ್ವಿಚಾರಕಿ ಹೇಳಿದ್ದಳು. "ನಿಮ್ಮ ಹೊಲಿಗೆಗೆ ನಾನು ಕೈ ಮುಗೀತೀನಿ ಕಣ್ರೀ. ಆದ್ರೆ ಸೋಮವಾರ ಬೆಳಗ್ಗೆ ಎಂಟಕ್ಕೆ ಲೈಸೆನ್ಸ್ ಪಾಸಾದ ಚೀಟಿ ನನ್ನ ಟೇಬಲ್ ಮೇಲಿರ್ಬೇಕು. ಇಲ್ಲಾಂದ್ರೆ ಇನ್ನೊಬ್ರು ಕಾಯ್ತಾ ಇದಾರೆ."

ಗಾಡಿ ಓಡಿಸಲು ಅವಳಿಗೆ ಬರುತ್ತಿರಲಿಲ್ಲವಾ? ಬರುತ್ತಿತ್ತು, ಬಾಳೆಹಣ್ಣು ಸುಲಿದಂತೆ. ಗಂಡನ ಮೋಟಾರ್ ಸೈಕಲ್ಲನ್ನು ಹಿಂದಿನ ಓಣಿಯಲ್ಲಿ ಗಿರಗಿರ ತಿರುಗಿಸುತ್ತಿದ್ದಳು. ಆದರೂ ನಾಲ್ಕು ಸಲ ಟೆಸ್ಟಿಗೆ ಹೋಗಿ ನಾಲ್ಕು ಸಲವೂ ಫೇಲು. ಮೈದಾನದಲ್ಲಿ ಸುಣ್ಣದಿಂದ ಎಂಟರ ಆಕಾರ ಬರೆದಿರುತ್ತಾರೆ. ಆ ಗೆರೆಯ ಮೇಲೆ ಕಾಲು ನೆಲಕ್ಕೆ ತಾಗಿಸದೆ ಸುತ್ತಬೇಕು. ಕಾಲು ತಾಗಿತೋ, ಮನೆಗೆ.

ಮೊದಲ ಸಲ ಬೇಲಿಯ ಹತ್ತಿರ ನಿಂತಿದ್ದ ನಾದಿನಿ ಕೂಗಿದಳು, "ಅತ್ತಿಗೇ, ಸ್ಟ್ಯಾಂಡ್ ತೆಗ್ದಿದೀರಾ?"

"ಬಂದೆ" ಅಂದಳು ಸೂಜಕ್ಕ. ಕಾಲು ನೆಲಕ್ಕೆ.

ಎರಡನೇ ಸಲ ಅತ್ತೆ, "ನಿಧಾನ ಕಣಮ್ಮಾ!"

"ಬಂದೆ ಅತ್ತೆ." ಕಾಲು ನೆಲಕ್ಕೆ.

ಮೂರನೇ ಸಲ ಖುದ್ದು ಗಂಡ. ಅವರು ಬಸ್ ಕಂಡಕ್ಟರು. ಇಪ್ಪತ್ತೆರಡು ವರ್ಷದಿಂದ ಅವರು "ಹೋಲ್ಡಾನ್" ಅಂದರೆ ಅರವತ್ತು ಜನರನ್ನು ಹೊತ್ತ ಬಸ್ಸೇ ನಿಲ್ಲುತ್ತದೆ. ಎಲ್ಲೋ ನೂರು ಗಜದಾಚೆ ಒಂದು ನಾಯಿ ಮೈ ಕೆರೆದುಕೊಂಡಿತು ಅಂತ ಅವರು "ಹೋಲ್ಡಾನ್!" ಅಂದರು. ಸೂಜಕ್ಕನ ಎರಡೂ ಕಾಲು ನೆಲಕ್ಕೆ.

ನಾಲ್ಕನೇ ಸಲ ಮನೆಯವರೆಲ್ಲ ಬಾಯಿಗೆ ಬಟ್ಟೆ ತುರುಕಿಕೊಂಡವರ ಹಾಗೆ ನಿಂತಿದ್ದರು. ಯಾರದೋ ಅಜ್ಜಿ ಯಾರನ್ನೋ "ಏ ಹುಡ್ಗೀ" ಅಂತ ಕರೆದಳು. ನಲವತ್ತಾರು ವರ್ಷದ ಸೂಜಕ್ಕ "ಬಂದೆ" ಅಂದಳು.

ಹಾಗಾದರೆ ಮನೆಯವರನ್ನು ಮನೆಯಲ್ಲೇ ಬಿಟ್ಟು ಹೋಗಬಾರದಿತ್ತಾ ಅಂತ ನೀವು ಕೇಳಬಹುದು. ಲೈಸೆನ್ಸ್ ಇರುವವರೊಬ್ಬರು ಜೊತೆಗಿರಲೇಬೇಕು, ಆದ್ದರಿಂದ ಗಂಡ ಬರಲೇಬೇಕು. ಗಂಡ ಹೊರಟರೆ ಅತ್ತೆ ಹೊರಡುತ್ತಾರೆ. ಅತ್ತೆ ಹೊರಟರೆ ಅವರ ಕೊಡೆ ಹಿಡಿಯಲು ನಾದಿನಿ. ಬೇಡ ಅಂದರೆ ಮೂವರೂ ಮುಖ ಊದಿಸಿಕೊಂಡು ಕೂರುತ್ತಾರೆ, ಊದಿದ ಮುಖ ಇಳಿಯಲು ಒಂದು ವಾರ ಬೇಕು.

ಐದನೇ ಟೆಸ್ಟು ಶುಕ್ರವಾರ. ಸೋಮವಾರಕ್ಕೆ ಮುಂಚೆ ಅದೊಂದೇ ಉಳಿದಿದ್ದು.

ಬುಧವಾರ ಸಂಜೆ ಮಗಳು ಬಂದಳು. ಅವಳು ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಬ್ಯಾಗಿನಿಂದ ಎರಡು ಚಪ್ಪಟೆ ಬಿಲ್ಲೆ ತೆಗೆದು ಮಿಷನ್ನಿನ ಮೇಲಿಟ್ಟಳು.

"ಏನೇ ಇದು? ಕೋಟಿನ ಗುಂಡಿ ಇದ್ದ ಹಾಗಿದೆ."

"ಸ್ಪೀಕರ್ ಅಮ್ಮ. ಹೆಲ್ಮೆಟ್ ಒಳಗೆ, ಕಿವಿಗೊಂದು. ಟೆಸ್ಟಲ್ಲಿ ಹಾಡು ಕೇಳ್ಕೊಂಡು ಹೋಗು. ಇವರ ಕೂಗಾಟ ಒಂದೂ ನಿನ್ನ ಕಿವಿಗೆ ಬೀಳಲ್ಲ."

"ವೈರೆಲ್ಲಿ?"

"ವೈರಿಲ್ಲ. ಫೋನಿಂದ ಗಾಳೀಲಿ ಬರತ್ತೆ."

"ಗಾಳೀಲಿ ಬರೋದಾದ್ರೆ ಪಕ್ಕದ್ಮನೆಯವ್ರಿಗೂ ಕೇಳ್ಸತ್ತಲ್ಲೇ?"

"ಅಯ್ಯೋ ಅಮ್ಮ! ನಿನ್ನ ಹೆಲ್ಮೆಟ್‌ಗೆ ಮಾತ್ರ ಬರತ್ತೆ. ಅದ್ಕೆ ನಿನ್ನ ಫೋನು ಗೊತ್ತು, ನಿನ್ನ ಫೋನಿಗೆ ಅದು ಗೊತ್ತು. ಆದ್ರೆ ಫೋನ್ ನಿನ್ನ ಹತ್ರಾನೇ ಇರ್ಬೇಕು. ಹತ್ತು ಗಜ ದಾಟಿದ್ರೆ ಹಾಡು ತುಂಡಾಗತ್ತೆ, ತಿಳೀತಾ?"

ಸೂಜಕ್ಕ "ಹೂಂ" ಅಂದಳು. ಆದರೆ ಆಗ ಅವಳ ತುಟಿಗಳ ನಡುವೆ ಎರಡು ಸೂಜಿ ಇದ್ದವು, ಮನಸ್ಸು ಹೆಲ್ಮೆಟ್ಟಿನ ಒಳಗಿನ ಸ್ಪಂಜಿನ ಮೇಲಿತ್ತು. ಆ ಸ್ಪಂಜಿನ ಹೊಲಿಗೆ ನೋಡಿ ಅವಳಿಗೆ ಕೋಪವೇ ಬಂದಿತ್ತು. "ಯಾವನೇ ಇದನ್ನ ಹೊಲ್ದಿರೋನು? ಕಾಲಲ್ಲಿ ಹೊಲ್ದಿದಾನಾ?" ಅಂತ ಬೈಯುತ್ತಾ ಬೈಯುತ್ತಾ ಹಳೇದನ್ನು ಬಿಚ್ಚಿ, ಕಿವಿಯ ಜಾಗಕ್ಕೆ ಸರಿಯಾಗಿ ಎರಡು ಪುಟ್ಟ ಜೇಬು ಕೂರಿಸಿ, ಬಿಲ್ಲೆಗಳನ್ನು ಒಳಗಿಟ್ಟು ಬಾಯಿ ಮುಚ್ಚಿದಳು. ಫೋನಿಗೂ ಒಂದು ಚೀಲ ಹೊಲಿದು ಸೊಂಟಕ್ಕೆ ಕಟ್ಟಿಕೊಂಡಳು. ಬೀದಿಗೆಲ್ಲ ಜೇಬು ಹೊಲಿದುಕೊಟ್ಟವಳ ಬಟ್ಟೆಗೆ ಒಂದಾದರೂ ಜೇಬು ಇರಬೇಕಲ್ಲ, ಇರಲಿಲ್ಲ. ತನ್ನ ಬಟ್ಟೆ ಹೊಲಿಯುವ ಹೊತ್ತಿಗೆ ಯಾವಾಗಲೂ ಯಾರೋ ಕರೆದಿರುತ್ತಿದ್ದರು.

ಗುರುವಾರ ಹಿಂದಿನ ಓಣಿಯಲ್ಲಿ ಹೆಲ್ಮೆಟ್ ಹಾಕಿ ಗುಂಡಿ ಒತ್ತಿದಳು ನೋಡಿ!

ಅದು ಅವಳಿಗೆ ತುಂಬ ಇಷ್ಟದ ಹಳೆಯ ಹಾಡು. ಮೂರು ನಿಮಿಷ ನಲವತ್ತು ಸೆಕೆಂಡಿನದು, ನಡುವೆ ಉದ್ದಕ್ಕೆ ಕೊಳಲು. ಅಡುಗೆಮನೆಯ ರೇಡಿಯೋದಲ್ಲಿ ನೂರು ಸಲ ಕೇಳಿದ್ದಳು, ಆದರೆ ಯಾವತ್ತೂ ಪೂರ್ತಿ ಕೇಳಿರಲಿಲ್ಲ. ಈಗ ಅದು ತಲೆಯೊಳಗೇ ಹುಟ್ಟಿದ ಹಾಗೆ ಬಂತು. ಕೆಳಗಡೆ ಎಂಜಿನ್ನಿನ ಗುಡುಗುಡು ತಾಳ ಹಾಕಿತು, ಗಾಳಿ ಎದೆಯ ಮೇಲೆ ಬಡಿಯಿತು, ಓಣಿ ಅನ್ನುವುದು ಬಟ್ಟೆಯ ಹಾಗೆ ಚಕ್ರದ ಕೆಳಗೆ ತಾನೇ ತಾನಾಗಿ ಸರಿಯಿತು. ತಿರುವಿನಲ್ಲಿ ಗಾಡಿ ವಾಲಿದರೆ ಕಾಲರು ತಿರುಗಿಸಿದಷ್ಟೇ ಹಗುರ. ಸೂಜಕ್ಕನಿಗೆ ನಗು ತಡೆಯಲಾಗಲಿಲ್ಲ. ಹೆಲ್ಮೆಟ್ಟಿನೊಳಗೆ ನಕ್ಕರೆ ಯಾರಿಗೂ ಕಾಣುವುದಿಲ್ಲ, ಅದೂ ಒಂದು ಸುಖ.

ಮಗಳು ಪರೀಕ್ಷೆ ಮಾಡೋಣ ಅಂತ ಬಾಗಿಲಲ್ಲಿ ನಿಂತು ಕೂಗಿದಳು, "ಅಮ್ಮಾ, ಹಾಲು ಉಕ್ತಾ ಇದೆ!"

ಸೂಜಕ್ಕ ತಿರುಗಿಯೂ ನೋಡಲಿಲ್ಲ. ಮಗಳು ಖುಷಿಯಿಂದ ಕೈ ತಟ್ಟಿದಳು. ಆಮೇಲೆ ಒಳಗೆ ಹೋಗಿ ನೋಡಿದರೆ ಹಾಲು ನಿಜವಾಗಿಯೂ ಉಕ್ಕಿತ್ತು.

ಶುಕ್ರವಾರ ಬೆಳಗ್ಗೆ ಹತ್ತು ಗಂಟೆ. ಮಗಳು ಅಂಗಡಿಗೆ ಹೋದಳು, ಮಿಕ್ಕವರೆಲ್ಲ ಮೈದಾನಕ್ಕೆ ಬಂದರು. ಟೆಸ್ಟ್ ತೆಗೆದುಕೊಳ್ಳುವ ಇನ್‌ಸ್ಪೆಕ್ಟರಿಗೆ ಜನ ಇಟ್ಟ ಹೆಸರು ಕೆಂಪು ಪೆನ್ನು. ಆ ಮನುಷ್ಯ ನಗುವುದಿಲ್ಲ, ಬೈಯುವುದಿಲ್ಲ, ತಲೆ ಎತ್ತಿ ಒಂದು ಸಲ ನೋಡಿ ಸರ್ರನೆ ಒಂದು ಕೆಂಪು ಗೆರೆ ಎಳೆಯುತ್ತಾರೆ, ಅಷ್ಟೆ. ಒಮ್ಮೆ ತಮ್ಮ ಸ್ವಂತ ಭಾವಮೈದುನನನ್ನೇ ಫೇಲ್ ಮಾಡಿ, ಅವನ ಗಾಡಿಯಲ್ಲೇ ಹಿಂದೆ ಕೂತು ಮನೆಗೆ ಹೋದರಂತೆ.

ಸೂಜಕ್ಕ ಹೆಲ್ಮೆಟ್ ಹಾಕಿ ಗಾಡಿ ಹತ್ತಿದಳು. ಕೆಂಪು ಪೆನ್ನು ಅವಳ ಸೊಂಟ ನೋಡಿದರು.

"ಅದೇನಮ್ಮ ಚೀಲ? ಬಿದ್ರೆ ಹೊಟ್ಟೆಗೆ ಚುಚ್ಚತ್ತೆ. ಬಿಚ್ಚಿ ಯಾರ ಕೈಲಾದ್ರೂ ಕೊಡಿ."

ಎದೆ ಡವಡವ ಅನ್ನುವಾಗ ಹತ್ತು ಗಜ ಯಾರಿಗೆ ನೆನಪಿರುತ್ತದೆ? ಬಿಚ್ಚಿ ಗಂಡನ ಕೈಗೆ ಕೊಟ್ಟಳು. ಅವರು ಚೀಲದಿಂದ ಫೋನು ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡರು, ಕಂಡಕ್ಟರ ಜೇಬು ಅಂದರೆ ಬಾವಿಯಷ್ಟು ಆಳ, ಬೀಳುವ ಮಾತೇ ಇಲ್ಲ. ಸೂಜಕ್ಕ ಕಿವಿಯ ಹತ್ತಿರದ ಗುಂಡಿ ಒತ್ತಿದಳು. ಹಾಡು ಬಂತು. ಕ್ಲಚ್ ಬಿಟ್ಟಳು.

ಮೊದಲ ಸುತ್ತು ನೋಡಬೇಕಿತ್ತು ನೀವು! ಸುಣ್ಣದ ಗೆರೆಯ ಮೇಲೆ ಚಕ್ರ ಕೂತೇ ಹೋಯಿತು. ಬೇಲಿಯ ಹತ್ತಿರದಿಂದ ನಾದಿನಿ ಏನೋ ಅಂದಳು, ಅತ್ತೆ ಏನೋ ಅಂದರು, ಬಾಯಿ ಆಡಿದ್ದಷ್ಟೇ ಕಂಡಿತು, ಗಾಜಿನ ಡಬ್ಬದಲ್ಲಿ ಮೀನು ಬಾಯಿ ಆಡಿಸಿದ ಹಾಗೆ. ಸೂಜಕ್ಕನ ಕಾಲು ಅಲುಗಲಿಲ್ಲ.

ಕಂಡಕ್ಟರಿಗೆ ಒಂದು ಚಾಳಿ. ಗಾಬರಿಯಾದರೆ ನಿಂತಲ್ಲಿ ನಿಲ್ಲಲಾಗುವುದಿಲ್ಲ. ಬಸ್ಸಿನಲ್ಲಿ ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ಓಡಾಡಿ ಓಡಾಡಿ ಕಾಲಿಗೆ ಹಾಗೇ ರೂಢಿ. ಹೆಂಡತಿ ಎರಡನೇ ಸುತ್ತು ಹಿಡಿದದ್ದೇ ತಡ, ಅವರು ನಿಧಾನವಾಗಿ ಟೀ ಗಾಡಿಯ ಕಡೆ ಹೆಜ್ಜೆ ಹಾಕಿದರು.

ಹತ್ತು ಗಜ ಆಯಿತು. ಹಾಡು ಕೊರ್ ಅಂತು, ತುಂಡಾಯಿತು.

ಆ ತುಂಡಾದ ಜಾಗದಲ್ಲಿ ಇಡೀ ಮೈದಾನ ಒಳಗೆ ನುಗ್ಗಿತು. "ಅತ್ತಿಗೇ ಕಾಲೂ!" "ಹುಷಾರಮ್ಮಾ!" ಸೂಜಕ್ಕನ ಬಾಯಲ್ಲಿ "ಬಂ" ಅನ್ನುವವರೆಗೆ ಬಂದೇಬಿಟ್ಟಿತು, ಬಲಗಾಲು ಕೆಳಗಿಳಿಯತೊಡಗಿತು. ಕಣ್ಣ ಮುಂದೆ ಆಸ್ಪತ್ರೆಯ ಆ ಕಿಟಕಿ ಮುಚ್ಚಿಕೊಳ್ಳುತ್ತಿರುವ ಹಾಗೆ ಕಂಡಿತು. ಹಾಡು ಎಲ್ಲಿ? ಹಾಡು ಎಲ್ಲಿ? ಹ್ಯಾಂಡಲ್ ಎಡಕ್ಕೆ ತಿರುಗಿತು, ಕೊಳಲಿನ ಒಂದು ಚೂರು ಕೇಳಿಸಿತು. ಇನ್ನಷ್ಟು ಎಡಕ್ಕೆ, ಇನ್ನೊಂದು ಚೂರು. ಓಹೋ, ಹಾಡು ಈ ಕಡೆ ಇದೆ! ಕಾಲು ಮೇಲೆತ್ತಿ ಅವಳು ಅತ್ತಲೇ ಹೊರಟಳು. ಎಂಟರ ಗೆರೆ ಎಲ್ಲಿ ಹೋಯಿತೋ ಅವಳಿಗೆ ಗೊತ್ತಿಲ್ಲ. ಕಾಲು ನೆಲಕ್ಕೆ ತಾಗಬಾರದು, ತಾಗದಿರಬೇಕಾದರೆ ಹಾಡು ಬೇಕು, ಹಾಡು ಅತ್ತ ಹೋಗುತ್ತಿದೆ. ಅಷ್ಟೇ ಅವಳಿಗೆ ಗೊತ್ತಿದ್ದದ್ದು.

ಟೀ ಗಾಡಿಯ ಹತ್ತಿರ ಕಂಡಕ್ಟರು ತಿರುಗಿ ನೋಡಿದರು. ಹೆಂಡತಿ ಗಾಡಿಯ ಸಮೇತ ನೆಟ್ಟ ನೋಟದಲ್ಲಿ ತಮ್ಮ ಮೇಲೇ ಬರುತ್ತಿದ್ದಾಳೆ.

ಈಗ ಒಂದು ಗುಟ್ಟು ಹೇಳಬೇಕು. ಆವತ್ತು ಬೆಳಗ್ಗೆ ಕಂಡಕ್ಟರು ಸೂಜಕ್ಕನ ಬಟ್ಟೆ ಕತ್ತರಿಯಲ್ಲಿ ರಟ್ಟಿನ ಪೆಟ್ಟಿಗೆ ಕತ್ತರಿಸಿದ್ದರು. ಟೈಲರ ಮನೆಯಲ್ಲಿ ಬಾಳಿದವರನ್ನು ಕೇಳಿ ನೋಡಿ, ಬಟ್ಟೆ ಕತ್ತರಿಯಲ್ಲಿ ಕಾಗದ ಕತ್ತರಿಸಿದರೇ ಎರಡು ದಿನ ಅನ್ನ ತಣ್ಣಗೆ ಬೀಳುತ್ತದೆ. ರಟ್ಟು ಕತ್ತರಿಸುವುದು ಎಂದರೆ ಗಡಿಪಾರಾಗುವಷ್ಟು ದೊಡ್ಡ ತಪ್ಪು. ಕತ್ತರಿಯ ತುದಿ ಮುಕ್ಕಾಗಿತ್ತು. ಅದನ್ನು ಬಟ್ಟೆಯ ಗಂಟಿನ ಕೆಳಗೆ ಅಡಗಿಸಿಟ್ಟು ಬಂದಿದ್ದರು.

"ಗೊತ್ತಾಗ್ಹೋಯ್ತು!" ಅಂದುಕೊಂಡರು ಕಂಡಕ್ಟರು, ಕಾಲಿಗೆ ಬುದ್ಧಿ ಹೇಳಿದರು.

ಅವರು ಓಡಿದರೆ ಹಾಡು ಓಡಿತು. ಹಾಡು ಓಡಿದರೆ ಸೂಜಕ್ಕ ಬಿಟ್ಟಾಳೆಯೇ?

ಓಡುವ ಬಸ್ಸಿಗೆ ಹತ್ತಿ ಇಳಿದು ಪಳಗಿದ ಕಾಲು ಅವರದು. ಕಾರು ಹಿಂದಕ್ಕೆ ತೆಗೆಯುವ ಟೆಸ್ಟಿಗೆ ಸಾಲಾಗಿ ಇಟ್ಟಿದ್ದ ಡ್ರಮ್ಮುಗಳ ನಡುವೆ ಹಾವಿನ ಹಾಗೆ ನುಸುಳಿದರು. ಹಿಂದೆಯೇ ಗಾಡಿ, ಒಂದು ಡ್ರಮ್ಮೂ ಅಲುಗಲಿಲ್ಲ. ಲಾರಿಗಳಿಗೆಂದು ಕಟ್ಟಿದ ಏರು ಹತ್ತಿದರು, ಗಾಡಿಯೂ ಹತ್ತಿತು. ಆ ಕಡೆ ಇಳಿದರು, ಗಾಡಿಯೂ ಇಳಿಯಿತು. ಅರ್ಜಿ ಬರೆಯುವವನ ಮೇಜಿನ ಪಕ್ಕ ಹಾದಾಗ ಎದ್ದ ಗಾಳಿಗೆ ಅರ್ಜಿಗಳೆಲ್ಲ ಹಾರಿದವು. ಅದರಲ್ಲೊಂದು ನೇರ ಹೋಗಿ ಆಫೀಸಿನ ಸರಿಯಾದ ಕಿಟಕಿಯೊಳಗೆ ಬಿತ್ತು. ಮೂರು ತಿಂಗಳಿಂದ ಅಲೆಯುತ್ತಿದ್ದ ಆ ಅರ್ಜಿಯ ಯಜಮಾನನಿಗೆ ಅವತ್ತೇ ಲೈಸೆನ್ಸ್ ಸಿಕ್ಕಿತು. ಟೀ ಕುಡಿಯುತ್ತಿದ್ದ ಲಾರಿ ಡ್ರೈವರೊಬ್ಬ ಎತ್ತಿದ ಲೋಟ ಎತ್ತಿದ ಹಾಗೇ ಹಿಡಿದು ನಿಂತ. ಲೋಟಕ್ಕೂ ತುಟಿಗೂ ಇದ್ದ ಸಂದಿಯಲ್ಲಿ ಗಾಡಿ ಹೋಯಿತು. ಟೀ ಒಂದು ತೊಟ್ಟೂ ಚೆಲ್ಲಲಿಲ್ಲ.

"ಹೋಲ್ಡಾನ್!" ಅಂತ ಕಂಡಕ್ಟರು ಓಡುತ್ತಲೇ ಅರಚಿದರು. "ಹೋಲ್ಡಾನ್ ಕಣೇ! ಹೋಲ್ಡಾನ್!"

ಮೈದಾನದಾಚೆಯ ರಸ್ತೆಯಲ್ಲಿ ಎರಡು ಬಸ್ಸು ಗಕ್ಕನೆ ನಿಂತವು. ಸೂಜಕ್ಕ ನಿಲ್ಲಲಿಲ್ಲ. ಅವಳ ಕಿವಿಯಲ್ಲಿ ಕೊಳಲು.

"ತಪ್ಪಾಯ್ತು! ಹೊಸಾ ಕತ್ರಿ ತಂದ್ಕೊಡ್ತೀನಿ! ಎರಡು ತಂದ್ಕೊಡ್ತೀನಿ!"

ಇನ್ನೂರು ಜನಕ್ಕೆ ಕತ್ತರಿಯ ವಿಷಯ ಗೊತ್ತಾಯಿತು, ಸೂಜಕ್ಕನೊಬ್ಬಳನ್ನು ಬಿಟ್ಟು. ಅತ್ತೆ ಬೇಲಿ ಹಿಡಿದು ನಿಂತು, "ಅಯ್ಯೋ, ರಟ್ಟು ಕತ್ರಿಸ್ದ್ಯೇನೋ? ಹಾಗಾದ್ರೆ ಓಡೋ ಮಗನೇ, ಓಡು!" ಅಂದರು. ನಾದಿನಿ ನಕ್ಕು ನಕ್ಕು ಕೊಡೆಯ ಮೇಲೆ ಕೂತಳು, ಕೊಡೆ ಮುರಿಯಿತು.

ಕೊನೆಗೆ ಕಂಡಕ್ಟರಿಗೆ ಹೋಗಲು ದಾರಿಯೇ ಉಳಿಯಲಿಲ್ಲ. ಮೈದಾನದ ಮಧ್ಯೆ ಎರಡು ದೀಪದ ಕಂಬ, ಅಕ್ಕಪಕ್ಕ. ಈ ಕಂಬದ ಹಿಂದೆ ಅವಿತರು, ಗಾಡಿ ಬಂತು. ಆ ಕಂಬಕ್ಕೆ ಹಾರಿದರು, ಗಾಡಿ ಅಲ್ಲಿಗೂ ಬಂತು. ಇದನ್ನು ಬಳಸಿ ಅದಕ್ಕೆ, ಅದನ್ನು ಬಳಸಿ ಇದಕ್ಕೆ. ಹಿಂದೆ ಹಿಂದೆಯೇ ಗಾಡಿಯೂ ಹಾಗೇ ಸುತ್ತಿತು. ಅದೇನಾಯಿತು ಹೇಳಿ? ಎಂಟಾಯಿತು! ಸುಣ್ಣದ ಎಂಟಿಗಿಂತ ಅರ್ಧದಷ್ಟು ಚಿಕ್ಕ ಎಂಟು. ಒಂದಲ್ಲ, ಹನ್ನೊಂದು. ಮೂರು ನಿಮಿಷ ನಲವತ್ತು ಸೆಕೆಂಡಿನಲ್ಲಿ ಇಷ್ಟೆಲ್ಲ ಆಗುತ್ತದಾ ಅಂತ ಅಡ್ಡಪ್ರಶ್ನೆ ಹಾಕಬೇಡಿ. ಆಗಲೇ ಹೇಳಿದೆನಲ್ಲ, ಕೊಳಲು ಉದ್ದಕ್ಕಿದೆ ಅಂತ.

ಹಾಡು ಮುಗಿಯಿತು.

ಸೂಜಕ್ಕನಿಗೆ ಎಚ್ಚರವಾದ ಹಾಗಾಯಿತು. ಇನ್ನೂರು ಜನ ಬಾಯಿ ತೆರೆದು ನಿಂತಿದ್ದಾರೆ, ಗಂಡ ಕಂಬ ತಬ್ಬಿಕೊಂಡು ಏದುಸಿರು ಬಿಡುತ್ತಿದ್ದಾರೆ. ಸುಣ್ಣದ ಗೆರೆ ಎಲ್ಲೋ ದೂರದಲ್ಲಿದೆ. ಗಾಡಿಯನ್ನು ಮೆಲ್ಲಗೆ ಕೆಂಪು ಪೆನ್ನಿನ ಮೇಜಿನ ತನಕ ತಂದು, ಬ್ರೇಕ್ ಹಿಡಿದು, ಕಾಲು ಇನ್ನೂ ಮೇಲೇ ಇಟ್ಟುಕೊಂಡು ಕೇಳಿದಳು, "ಸಾರ್, ಈಗ ಕಾಲು ಇಡ್ಲಾ?"

"ಇಡಿ" ಅಂದರು ಕೆಂಪು ಪೆನ್ನು.

ಇಟ್ಟಳು. ಅವರು ಫಾರಂ ನೋಡಿದರು, ತಿರುಗಿಸಿ ಹಿಂದೆ ನೋಡಿದರು, ಮತ್ತೆ ಮುಂದೆ ನೋಡಿದರು. ಎಂಟು ಬಿಟ್ಟು ಊರು ಸುತ್ತಿದವರಿಗೆ ಆ ಫಾರಮಿನಲ್ಲಿ ಜಾಗವೇ ಇರಲಿಲ್ಲ.

"ಆ ಓಡಿದ ಮನುಷ್ಯ ಯಾರಮ್ಮ?"

"ನಮ್ಮ ಯಜಮಾನ್ರು ಸಾರ್."

"ಅವರನ್ನ ಯಾಕೆ ಅಟ್ಟಿಸ್ಕೊಂಡು ಹೋದ್ರಿ?"

"ಅವರನ್ನಲ್ಲ ಸಾರ್." ಸೂಜಕ್ಕನಿಗೆ ಸುಳ್ಳು ಹೇಳಲು ಬರುವುದಿಲ್ಲ, ಅದರಲ್ಲಿ ಅವಳೂ ನಾನೂ ಒಂದೇ. "ಹಾಡನ್ನ. ಹೆಲ್ಮೆಟ್ಟಲ್ಲಿ ಹಾಡು ಬರತ್ತೆ ಸಾರ್, ಫೋನು ಅವರ ಜೇಬಲ್ಲಿತ್ತು. ಹಾಡು ಇಲ್ದಿದ್ರೆ ಯಾರು ಕರೆದ್ರೂ ನನ್ನ ಕಾಲು ಕೆಳಗೆ ಹೋಗತ್ತೆ."

ಕೆಂಪು ಪೆನ್ನು ಹೆಲ್ಮೆಟ್ ಈಸಿಕೊಂಡು ಒಳಗೆ ಬೆರಳು ಹಾಕಿ ಸವರಿದರು. "ಒಳಗಿನ ಹೊಲಿಗೆ ಯಾರದು?"

"ನಂದೇ ಸಾರ್."

"ಚೆನ್ನಾಗಿದೆ." ಆ ಮೈದಾನದಲ್ಲಿ ಅವರ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. "ಆದ್ರೆ ನೋಡಮ್ಮ, ನಾಳೆ ರಸ್ತೇಲಿ ಲಾರಿ ಹಾರ್ನ್ ಹೊಡೀತಾನೆ. ಆಗ ನಿಮ್ಮ ಹಾಡು ಅವನಿಗೆ ಗೊತ್ತಿರಲ್ಲ. ಎಲ್ಲಾನೂ ಕೇಳಿಸ್ಕೊಂಡು ಕಾಲು ಮೇಲಿಡ್ಬೇಕು, ಅದಕ್ಕೇ ಈ ಟೆಸ್ಟು. ಹಾಡು ನಿಲ್ಸಿ. ಇನ್ನೊಂದೇ ಒಂದು ಅವಕಾಶ. ಸುಣ್ಣದ ಮೇಲೆ."

ಗುಂಡಿ ಒತ್ತಿ ಆರಿಸಿದಳು. ಹೆಲ್ಮೆಟ್ಟಿನೊಳಗೆ ಬರೀ ತನ್ನ ಉಸಿರಿನ ಸದ್ದು. ಈ ಸಲ ಹೋದರೆ ಸೋಮವಾರ ಇಲ್ಲ, ಕಿಟಕಿ ಇಲ್ಲ, ಮತ್ತೆ ಅದೇ ಗೋಡೆ. ಹೊರಟಳು.

ಅರ್ಧ ಸುತ್ತು ಆಗಿರಲಿಲ್ಲ, ನಾದಿನಿಯ ನಗು ನಿಂತು ಬಾಯಿ ಬಂತು. "ಅತ್ತಿಗೇ! ಅಣ್ಣ ಕತ್ರಿ ಹಾಳ್ಮಾಡಿದಾನೆ, ಗೊತ್ತಾ?"

ಕಾಲು ಜುಮ್ಮೆಂದಿತು, ನಾಲಿಗೆಯ ತುದಿಗೆ "ಬಂದೆ" ಬಂದು ಕೂತಿತು. ಸೂಜಕ್ಕ ಹಲ್ಲು ಕಚ್ಚಿದಳು. ಇಪ್ಪತ್ತಮೂರು ವರ್ಷ ಯಾರಿಗೂ ಅಂದಿರದ ಒಂದು ಮಾತು ಅವಳ ಬಾಯಿಂದ ಈಚೆ ಬಂತು.

"ಆಮೇಲೆ! ಕೆಲ್ಸದಲ್ಲಿದೀನಿ!"

ಕಾಲು ಮೇಲೇ ಇತ್ತು. ಅವಳಿಗೇ ಆಶ್ಚರ್ಯ. ಇಷ್ಟೇನಾ ಇದು?

"ನಿಧಾನ ಕಣಮ್ಮಾ!" ಅಂದರು ಅತ್ತೆ.

"ಆಗ್ಲಿ ಅತ್ತೆ, ಆಮೇಲೆ!"

ಮೊದಲ ಸೊನ್ನೆ ಮುಗಿದು ಎರಡನೆಯದಕ್ಕೆ ಗಾಡಿ ವಾಲಿತು. ಆಗ ಕಂಬದ ಹತ್ತಿರ ಉಸಿರು ಹಿಂದಕ್ಕೆ ಬಂದ ಕಂಡಕ್ಟರು, ಹೆಂಡತಿ ಮತ್ತೆ ತಮ್ಮ ಕಡೆಗೇ ತಿರುಗಿದ್ದು ಕಂಡು, ಇದ್ದಬದ್ದ ಶಕ್ತಿಯನ್ನೆಲ್ಲ ಗಂಟಲಿಗೆ ತಂದರು. "ಹೋಲ್ಡಾನ್!"

ಲಾರಿ ಡ್ರೈವರು ಕುಡಿಯುವುದು ನಿಲ್ಲಿಸಿದ. ಅರ್ಜಿ ಬರೆಯುವವನು ಪೆನ್ನು ನಿಲ್ಲಿಸಿದ. ಕೆಂಪು ಪೆನ್ನು ತಮಗೆ ತಿಳಿಯದೆ ಎರಡು ಹೆಜ್ಜೆ ಹಿಂದೆ ಸರಿದು ನಿಂತರು.

"ಆಗಲ್ಲಾ ರೀ!" ಅಂದಳು ಸೂಜಕ್ಕ, ಗಂಡನ ಕಣ್ಣೆದುರೇ ಗಾಡಿ ವಾಲಿಸಿ ಎಂಟು ಮುಗಿಸಿದಳು.

ಕೆಂಪು ಪೆನ್ನಿಗೆ ಪಾಸು ಅಂತ ಬರೆದು ಅಭ್ಯಾಸವಿರಲಿಲ್ಲ. ಮೊದಲ ಅಕ್ಷರಕ್ಕೇ ಪೆನ್ನು ಮೊಂಡು ಹಿಡಿಯಿತು, ಅರ್ಜಿ ಬರೆಯುವವನ ನೀಲಿ ಪೆನ್ನು ತರಿಸಿ ಬರೆದುಕೊಟ್ಟರು. ಸೂಜಕ್ಕ ಆ ಚೀಟಿಯನ್ನು ನಾಲ್ಕು ಸಲ ಓದಿದಳು. ಆಮೇಲೆ ಗಂಡನ ಹತ್ತಿರ ಹೋಗಿ, ಅವರ ಜೇಬಿನಿಂದ ಫೋನು ತೆಗೆದುಕೊಂಡು, ಮೆತ್ತಗೆ ಕೇಳಿದಳು, "ಯಾವ ಕತ್ರಿ?"

ಮಿಕ್ಕಿದ್ದು ಅವರ ಮನೆಯ ವಿಷಯ, ನಾವು ಬಾಯಿ ಹಾಕಬಾರದು. ಒಂದಂತೂ ನಿಜ, ಆ ಓಟದಿಂದ ಕಂಡಕ್ಟರ ಹೊಟ್ಟೆ ಮೂರು ಇಂಚು ಇಳಿಯಿತು. ಭಾನುವಾರ ಕೂತು ಅವರ ಖಾಕಿ ಪ್ಯಾಂಟಿನ ಸೊಂಟ ಒಳಕ್ಕೆ ಹಿಡಿದವಳು ಸೂಜಕ್ಕನೇ, ಹೊಸ ಕತ್ತರಿಯಲ್ಲಿ. ಸೋಮವಾರ ಎಂಟಕ್ಕೆ ಐದು ನಿಮಿಷ ಇರುವಾಗಲೇ ಚೀಟಿ ಮೇಲ್ವಿಚಾರಕಿಯ ಟೇಬಲ್ ಮೇಲಿತ್ತು. ಈಗಲೂ ಅವಳು ಹಾಡು ಕೇಳುತ್ತಾಳೆ, ಆದರೆ ಒಂದೇ ಕಿವಿಗೆ, ಸಣ್ಣಗೆ. ಇನ್ನೊಂದು ಬಿಲ್ಲೆಯನ್ನು ಬಿಚ್ಚಿ ಅತ್ತೆಯ ದಿಂಬಿಗೆ ಹೊಲಿದುಕೊಟ್ಟಿದ್ದಾಳೆ. ಕಿಟಕಿಯ ಮುಂದೆ ಹೊಲಿಯುವಾಗ ಯಾರಾದರೂ ಕರೆದರೆ "ಆಮೇಲೆ" ಅನ್ನುತ್ತಾಳಂತೆ, ಡಾಕ್ಟರಿಗೂ.

ಆ ಮೈದಾನದ ಗೇಟಿನ ಬೋರ್ಡಿನಲ್ಲಿ ಈಗ ಒಂದು ಸಾಲು ಹೆಚ್ಚಿಗೆ ಇದೆ: ಟೆಸ್ಟ್ ನಡೆಯುವಾಗ ಗಂಡಂದಿರು ನಿಂತಲ್ಲೇ ನಿಲ್ಲತಕ್ಕದ್ದು. ಅನುಮಾನವಿದ್ದರೆ ಹೋಗಿ ಓದಿಕೊಂಡು ಬನ್ನಿ. ನಾನು ಮೊನ್ನೆ ತಾನೇ ಓದಿ ಬಂದೆ. ನನಗೆ ಮದುವೆಯಾಗಿಲ್ಲ, ಆದ್ದರಿಂದ ನನ್ನ ಟೆಸ್ಟಿಗೆ ಯಾರು ಬೇಕಾದರೂ ಓಡಬಹುದು, ಗೇಟಿನವನನ್ನು ಕೇಳಿ ಖಾತ್ರಿ ಮಾಡಿಕೊಂಡಿದ್ದೇನೆ. ಬರುವ ಬುಧವಾರ ಹತ್ತು ಗಂಟೆಗೆ. ಗಾಡಿ ಹೊಂದಿಸಿಕೊಂಡಿದ್ದೇನೆ, ಹೆಲ್ಮೆಟ್ಟೂ ಸಿಕ್ಕಿದೆ, ಹಾಡೂ ಆರಿಸಿದ್ದೇನೆ, ಐದು ನಿಮಿಷದ್ದು. ಅಂದಹಾಗೆ, ಇಷ್ಟು ಹೊತ್ತಿನಿಂದ ನೋಡುತ್ತಿದ್ದೇನೆ, ನಿಮ್ಮ ಕಾಲು ಒಳ್ಳೇ ಉದ್ದ ಇದೆಯಲ್ಲ. ಎಲ್ಲಿ, ಎದ್ದು ಆ ಬಾಗಿಲ ತನಕ ಒಂದು ಸಲ ಓಡಿ ತೋರಿಸಿ ನೋಡೋಣ.